ಶಾಲೆಯ ಗೋಡೆಗೆ ವಾರ್ಲಿ ಚಿತ್ರ ಬರೆಸುವವರಿಗೆ

ಮುಂಬಯಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಮಹಾರಾಷ್ಟ್ರದ ಡಹಾಣೂ ಕಡೆಯ, ವಾರ್ಲಿ ಬುಡಕಟ್ಟಿನ ಕಲಾವಿದರೊಬ್ಬರು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಆವರಣದ ಗೋಡೆಯ ಮೇಲೆ ಚಿತ್ರ ಬರೆದ ಮೇಲೆ, ಬೇರೆ ಶಾಲೆಯ ಶಿಕ್ಷಕರು ಯಾವ ಬಣ್ಣ, ಎಷ್ಟು ಖರ್ಚು ಎಂದು ವಿಚಾರಿಸುತ್ತಿದ್ದಾರೆ. ಬಣ್ಣದ ಮಾತು ಆಮೇಲೆ. ಗೋಡೆಗೆ ಏನು ಬರಬಹುದು, ಏನು ಬರಬಾರದು ಎಂಬುದನ್ನು ಮೊದಲು ಕಲಾವಿದರಿಂದಲೇ ಕೇಳಿ ತಿಳಿಯಿರಿ.

ವಾರ್ಲಿಗಳ ಮದುವೆ ಮನೆಯಲ್ಲಿ ಮುತ್ತೈದೆಯರು ಗೋಡೆಗೆ ಬರೆಯುವ ‘ಚೌಕ್’ ಎಂಬ ಚೌಕಾಕಾರದ ಚಿತ್ರದ ನಡುವೆ ಪಾಲಘಾಟ್ ದೇವಿ ಇರುತ್ತಾಳೆ. ಅದು ಮದುವೆಯ ವಿಧಿಯ ಭಾಗ. ಮಲೆನಾಡಿನ ದೀವರು ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡಸರು ಕಾಗದ, ಬಟ್ಟೆಗಳ ಮೇಲೆ ಬರೆಯತೊಡಗಿದ್ದು 1970ರ ದಶಕದಿಂದೀಚೆಗೆ. ಅವರಲ್ಲಿ ಹೆಸರಾದ ಜಿವ್ಯಾ ಸೋಮಾ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಚೌಕ್ ಮಾತ್ರ ವಿಧಿಗೆ ಸೇರಿದ್ದು. ಆದ್ದರಿಂದ ಅಂತರ್ಜಾಲದಿಂದ ಅದನ್ನು ಮುದ್ರಿಸಿ ತಂದು ‘ಇದನ್ನೇ ಬರೆದುಕೊಡಿ’ ಎನ್ನಬೇಡಿ. ಮಕ್ಕಳೆಲ್ಲ ‘ಕಾಕಾ’ ಎನ್ನುತ್ತಿದ್ದ ನಮ್ಮ ಕಲಾವಿದರು ಚೌಕ್ ಬೇಡ, ತಾರ್ಪಾ ಎಂಬ ಊದುವ ವಾದ್ಯಕ್ಕೆ ಕುಣಿಯುವ ತಾರ್ಪಾ ಕುಣಿತ ಮತ್ತು ಭತ್ತದ ನಾಟಿ ಇರಲಿ ಎಂದರು. ಲೋಕಲ್ ರೈಲು ಬೇಕೆಂದು ಮಕ್ಕಳು ಹಟ ಹಿಡಿದಾಗ ತಕರಾರಿಲ್ಲದೆ ಒಪ್ಪಿದರು.

ಸಂಭಾವನೆ, ಪ್ರಯಾಣ, ಊಟ, ವಸತಿಗಳ ಮಾತನ್ನು ಮೊದಲೇ ಮುಗಿಸಿ. ‘ಮಕ್ಕಳಿಗಾಗಿ ಅಲ್ಲವೇ’ ಎಂದು ಕಲಾವಿದರ ಬಳಿ ಚೌಕಾಸಿಗಿಳಿಯುವವರು ಪ್ಲಂಬರ್ ಎದುರು ತೆಪ್ಪಗಿರುತ್ತಾರೆ! ಗೋಡೆಯಲ್ಲಿ ಕಲಾವಿದರ ಹೆಸರು ದಾನಿಗಳ ಹೆಸರಿಗಿಂತ ದೊಡ್ಡದಾಗಿರಲಿ.

ಇನ್ನು ಗೋಡೆ. ಇಲ್ಲಿ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ; ಮರುದಿನ ಒಳಗೆ ಬೆವರಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಬಿಳಿ ಉಪ್ಪು ಮೂಡಿದ್ದರೆ ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ಆಮೇಲೆ ಪ್ರೈಮರ್, ಅದರ ಮೇಲೆ ಕೆಮ್ಮಣ್ಣಿನ ಬಣ್ಣದ, ಹೊರಗೋಡೆಯ ಎಮಲ್ಷನ್ ಎರಡು ಕೈ. ಅಕ್ಕಿಹಿಟ್ಟಿನ ಬಿಳಿ ಮೊದಲ ಮಳೆಗೇ ಕರಗಿ ಇಳಿಯುತ್ತದೆ. ಗೋಡೆಗೆ ಬಿಳಿ ಅಕ್ರಿಲಿಕ್ ಇರಲಿ. ಆದರೆ ತರಗತಿಯಲ್ಲಿ ಒಮ್ಮೆಯಾದರೂ ಅಕ್ಕಿ ರುಬ್ಬಿ, ಅಂಟು ಬೆರೆಸಿ, ತುದಿ ಜಜ್ಜಿದ ಬಿದಿರು ಕಡ್ಡಿಯಿಂದ ಕೆಮ್ಮಣ್ಣು ಬಳಿದ ಕಾಗದದ ಮೇಲೆ ಬರೆಸಿ. ಆ ಕಡ್ಡಿ ಹಿಡಿದಾಗಲೇ ಕೈಗೆ ನಿಧಾನ ಬರುವುದು.

ಈ ಅಭ್ಯಾಸಕ್ಕೆ ಗೋಡೆಯ ಕೆಲಸಕ್ಕಿಂತ ಹೆಚ್ಚು ಸಮಯ ಕೊಡಿ. ತುದಿಗೆ ತುದಿ ತಾಗಿದ ಎರಡು ತ್ರಿಕೋನ ಒಂದು ಮೈ, ಮೇಲೊಂದು ಸೊನ್ನೆ ತಲೆ. ಸುಲಭವೆಂದು ಮಕ್ಕಳು ಸ್ಕೇಲ್ ಇಟ್ಟು ಬರೆಯುತ್ತಾರೆ. ಎಲ್ಲರೂ ಪ್ರಾರ್ಥನೆಗೆ ನಿಂತಂತೆ ಕಾಣುತ್ತಾರೆ. ಕಂಪಾಸ್ ಪೆಟ್ಟಿಗೆ ಕಿತ್ತಿಟ್ಟುಕೊಳ್ಳಿ. ಮೇಲಿನ ತ್ರಿಕೋನವನ್ನು ಒಂದಿಷ್ಟು ವಾಲಿಸಿ, ಮೊಣಕಾಲು ಮಡಿಸಿದರೆ ಅದೇ ಮನುಷ್ಯ ನಾಟಿಗೆ ಬಾಗುತ್ತಾನೆ, ಕುಣಿಯುತ್ತಾನೆ. ಕಾಕಾ ಹುಡುಗನೊಬ್ಬನ ಬೆನ್ನ ಮೇಲೆ ಚೀಲ ಹೊರಿಸಿ ನಡೆಸಿ, ಉಳಿದವರಿಂದ ಅವನ ಭುಜದ ಓರೆಯನ್ನಷ್ಟೇ ಬರೆಸಿದರು. ಕಣ್ಣು, ಮೂಗು, ನಗು ಬರೆಯಲು ಕೈ ತುರಿಸುವವರು ಇದ್ದೇ ಇರುತ್ತಾರೆ, ತಡೆಯಿರಿ.

ಗೋಡೆಯ ಮೇಲೆ ಮೊದಲು ತಾರ್ಪಾ ಊದುವವನು. ಅವನನ್ನು ಕಲಾವಿದರೇ ಬರೆಯಲಿ. ಅವನ ಸುತ್ತ ಸುರುಳಿಯನ್ನು ಅವರು ಸೀಮೆಸುಣ್ಣದಲ್ಲಿ ಎಳೆದುಕೊಟ್ಟ ಮೇಲೆ, ಸೊಂಟ ಹಿಡಿದು ಕುಣಿಯುವವರನ್ನು ಮಕ್ಕಳು ತುಂಬಲಿ. ಒಮ್ಮೆಗೆ ಏಳೆಂಟು ಮಂದಿಗಿಂತ ಹೆಚ್ಚು ಬೇಡ. ಮೇಲಿನಿಂದ ಕೆಳಗೆ ಬನ್ನಿ, ಇಲ್ಲದಿದ್ದರೆ ಬರೆದದ್ದನ್ನು ಮೊಣಕೈ ಒರೆಸುತ್ತದೆ. ತಪ್ಪಿದ ಗೆರೆ ಮುಚ್ಚಲು ಕೆಂಪು ಬಣ್ಣ ಸ್ವಲ್ಪ ಉಳಿಸಿಕೊಳ್ಳಿ. ನೆಲದಿಂದ ಒಂದು ಅಡಿ ಖಾಲಿ ಬಿಡಿ. ಜೂನ್ ತಿಂಗಳ ಕೆಸರು ಸಿಡಿಯುವುದು ಅಲ್ಲಿಗೇ.