ಹನ್ನೆರಡು ಡಿಗ್ರಿಯ ಕೊಂಕು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಕಲಿಸಿದ್ದೆಲ್ಲ ನಿಂತುಕೊಂಡೇ. ನಿವೃತ್ತಿಯಾದ ನಾಲ್ಕನೆಯ ವರ್ಷಕ್ಕೆ ನನ್ನ ಎಡ ಮಂಡಿ ಹನುಮಂತನಗರದ ನಮ್ಮ ಮನೆಯ ಹದಿನೇಳು ಮೆಟ್ಟಿಲಿಗೆ ಸೋತಿತು. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಕಾಣಬೇಕಾದ ಸಂದು ಒಳಬದಿಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಎಣ್ಣೆ, ಲೇಪ, ಮಂಡಿಪಟ್ಟಿ, ಚುಚ್ಚುಮದ್ದು ಎಲ್ಲ ಮುಗಿದ ಮೇಲೆ ಕಳೆದ ಜೂನ್‌ನಲ್ಲಿ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ.

‘ಬದಲಿ’ ಎಂಬ ಮಾತು ಕೇಳಿ ನಮ್ಮ ಬೀದಿಯ ಅರ್ಧ ಜನ ಇಡೀ ಮಂಡಿಯನ್ನೇ ಕಿತ್ತು ಹೊಸದು ಕೂರಿಸುತ್ತಾರೆ ಎಂದುಕೊಂಡಿದ್ದರು. ಸವೆದ ಮೂಳೆತುದಿಗಳನ್ನು ಕೆಲವು ಮಿಲಿಮೀಟರ್ ಕತ್ತರಿಸಿ, ತೊಡೆಮೂಳೆಯ ತುದಿಗೆ ಲೋಹದ ಟೋಪಿ, ಕೆಳಗಿನ ಮೂಳೆಯ ತಲೆಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಕೂರಿಸುತ್ತಾರೆ. ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ. ಸ್ನಾಯುಗಳು ಹಳೆಯವೇ, ಕಾಲು ಹಳೆಯದೇ. ಕಷ್ಟವಿರುವುದೂ ಅಲ್ಲಿಯೇ.

ಖರ್ಚಿನ ಬಗ್ಗೆ ಒಂದೇ ಮಾತು. ಮಂಡಿಗೆ ಕೂರಿಸುವ ಈ ಭಾಗಗಳ, ಅಂದರೆ ಇಂಪ್ಲಾಂಟ್‌ಗಳ, ಬೆಲೆಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಆದ್ದರಿಂದ ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಬೆಲೆ ಬೇರೆಯಾಗಿ ನಮೂದಾಗಿರಲಿ ಎಂದು ಮೊದಲೇ ಕೇಳಿದೆ. ಅದರ ಸ್ಟಿಕರ್ ಅಂಟಿಸಿದ ಡಿಸ್ಚಾರ್ಜ್ ಪತ್ರವನ್ನು ಮನೆಪತ್ರಗಳ ಜೊತೆಗೇ ಇಟ್ಟಿದ್ದೇನೆ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಬೆನ್ನಿಗೆ ಸೂಜಿ ಕೊಟ್ಟರು, ಅರೆನಿದ್ದೆಯಲ್ಲಿ ಪಕ್ಕದ ಮನೆಯಲ್ಲಿ ಬಡಗಿ ಕೆಲಸ ನಡೆಯುತ್ತಿದೆ ಎನ್ನಿಸಿತು, ಎಚ್ಚರವಾದಾಗ ವಾರ್ಡಿನಲ್ಲಿದ್ದೆ. ಮರುದಿನ ಬೆಳಿಗ್ಗೆ ವಾಕರ್ ಹಿಡಿಸಿ ಬಾಗಿಲವರೆಗೆ ನಡೆಸಿದರು. ನೋವು ನಾನು ಹೆದರಿದ್ದಕ್ಕಿಂತ ಕಡಿಮೆ. ಇದೇನು ಮಹಾ ಎಂದು ಮಗನಿಗೆ ಫೋನಿನಲ್ಲಿ ಜಂಬ ಕೊಚ್ಚಿದೆ. ಆ ಜಂಬ ನರಕ್ಕೆ ಕೊಟ್ಟ ಮರಗಟ್ಟಿಸುವ ಮದ್ದಿನದು ಎಂದು ಮೂರನೆಯ ದಿನ ತಿಳಿಯಿತು. ಮೊದಲ ದಿನದ ಸುಖವನ್ನು ನೋಡಿ ಯಾರೂ ಲೆಕ್ಕ ಹಾಕಬಾರದು.

ನಾಲ್ಕನೆಯ ದಿನ ಮನೆಗೆ ಬಂದೆ. ನನ್ನ ಆರೈಕೆಗೆಂದೇ ನಾದಿನಿ ತುಮಕೂರಿನಿಂದ ಬಂದಿದ್ದಳು. ಮಂಚದ ಮೇಲೆ ನನ್ನನ್ನು ಮಲಗಿಸಿ, “ಅತ್ತಿಗೆ, ಕಾಲಿಗೆ ಆಸರೆ ಬೇಕು” ಎಂದು ಮಂಡಿಯ ಕೆಳಗೆ ಮೆತ್ತನೆಯ ಬೂರುಗದ ಹತ್ತಿಯ ದಿಂಬು ಇಟ್ಟಳು. ಆಹಾ, ಎಂಥ ಸುಖ! ಬಾತ ಮಂಡಿಗೆ ಸ್ವಲ್ಪ ಮಡಿಸಿಕೊಂಡಿರುವುದೇ ಹಿತ. ಎಂಟು ರಾತ್ರಿ ಹಾಗೆಯೇ ಮಲಗಿದೆ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ‘ಮಂಡಿಯ ಕೆಳಗೆ ದಿಂಬು ಇಡಬಾರದು’ ಎಂದು ಎರಡನೆಯ ಪುಟದಲ್ಲಿ ಅಚ್ಚಾಗಿತ್ತು. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ಮಕ್ಕಳಿಗೆ ಬೈಯುತ್ತಿದ್ದವಳು ಮೊದಲ ಪುಟಕ್ಕೇ ನಿಲ್ಲಿಸಿದ್ದೆ.

ಹನ್ನೆರಡನೆಯ ದಿನ, ಗಾಯಕ್ಕೆ ಹೊಲಿಗೆಯ ಬದಲು ಹಾಕಿದ್ದ ಸ್ಟೇಪಲ್ ತೆಗೆಸಿಕೊಂಡು ಬಂದ ಮರುದಿನ, ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಕಾಲು ಚಾಚಲು ಹೇಳಿ, ಮಂಡಿಯ ಹಿಂದೆ ಕೈ ತೂರಿಸಿದಳು. ಕೈ ಸಲೀಸಾಗಿ ಆಚೆ ಬಂತು. ಅವಳ ಮುಖ ಸಣ್ಣದಾಯಿತು.

“ಮಿಸ್, ಮಡಿಸುವುದು ಎಂಬತ್ತೆಂಟಕ್ಕೆ ಬಂದಿದೆ, ಪರವಾಗಿಲ್ಲ. ನೀಳ ಮಾಡುವುದರಲ್ಲಿ ಹನ್ನೆರಡು ಡಿಗ್ರಿ ಬಾಕಿ ಇದೆ.”

ನನಗೆ ನಂಬಿಕೆ ಬರಲಿಲ್ಲ. ಕರಿಹಲಗೆಗೆ ಬಳಸುತ್ತಿದ್ದ ಮರದ ಕೋನಮಾಪಕ ಅಟ್ಟದ ಮೇಲಿತ್ತು. ನಮ್ಮ ಯಜಮಾನರಿಂದ ಇಳಿಸಿದೆ. ಮಂಡಿಯ ಹೊರಬದಿಯ ಉಬ್ಬಿಗೆ ಅದರ ಕೇಂದ್ರ, ಒಂದು ಗೆರೆ ಸೊಂಟದ ಕೀಲಿನ ಕಡೆಗೆ, ಇನ್ನೊಂದು ಪಾದದ ಹೊರಗಂಟಿನ ಕಡೆಗೆ. ನಾನು ಓದಿದ್ದು 168. ಅವಳ ಪುಸ್ತಕದಲ್ಲಿ ಅದು ಹನ್ನೆರಡು, ಏಕೆಂದರೆ ನೇರವಾದ ಕಾಲನ್ನು ನಾವು ಸರಳಕೋನ ಎಂದು 180 ಎಂದರೆ ಅವರು ಸೊನ್ನೆ ಎನ್ನುತ್ತಾರೆ. ಕ್ರಮ ಯಾವುದಾದರೂ ಕೊಂಕು ಒಂದೇ.

ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು “ಎಷ್ಟು ಮಡಿಸುತ್ತೀರಿ?” ಎಂದೇ. ಎಷ್ಟು ನೀಳವಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮಂಡಿ ಪೂರ್ತಿ ನೇರವಾಗದಿದ್ದರೆ ಆ ಕಾಲು ಗಿಡ್ಡವಾದಂತಾಗುತ್ತದೆ, ಹೆಜ್ಜೆ ಕುಂಟುತ್ತದೆ, ನಿಂತಾಗಲೂ ತೊಡೆಯ ಮುಂದಿನ ಸ್ನಾಯುವಿಗೆ ಬಿಡುವಿರುವುದಿಲ್ಲ. ಮಡಿಸುವುದು ನಡೆಯುತ್ತಾ, ಕುಳಿತು ಏಳುತ್ತಾ ಸ್ವಲ್ಪಮಟ್ಟಿಗೆ ತಾನಾಗಿಯೇ ಬರುತ್ತದೆ. ನೀಳ ಮಾಡುವುದಕ್ಕೆ ಕೂತು ಸಾಧಿಸಬೇಕು. ಮಂಡಿಯ ಹಿಂಭಾಗ ಬಿಗಿದುಕೊಂಡಷ್ಟೂ ಬಿಡಿಸುವುದು ಕಷ್ಟ. ಮೊದಲ ಆರು ವಾರಗಳನ್ನು ಕಳೆದುಕೊಳ್ಳಬೇಡಿ ಎಂದು ಅವಳು ಹೇಳಿದಳು.

ದಿಂಬು ಹೋಯಿತು. ಅದರ ಬದಲು ಟವೆಲ್ ಸುರುಳಿ ಹಿಮ್ಮಡಿಯ ಕೆಳಗೆ ಬಂತು. ಮಂಡಿಯ ಕೆಳಗೆ ಏನೂ ಇಲ್ಲದೆ, ಕಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ನೋಡುವವರಿಗೆ ಇದು ವ್ಯಾಯಾಮವೇ ಅಲ್ಲ, ಹೆಂಗಸು ಆರಾಮವಾಗಿ ಮಲಗಿದ್ದಾಳೆ ಎನ್ನಬೇಕು. ನಾನು ಮಾತ್ರ ಹದಿನೇಳರ ಮಗ್ಗಿಯನ್ನು ಮುಂದಕ್ಕೂ ಹಿಂದಕ್ಕೂ ಹೇಳಿಕೊಳ್ಳುತ್ತಾ ಬೆವರುತ್ತಿದ್ದೆ. ಆಮೇಲೆ ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿಹಿಡಿದು ಐದು ಎಣಿಸುವುದು, ಕಾಲು ನೇರ ಎತ್ತುವುದು, ಹಿಮ್ಮಡಿಯನ್ನು ಜಾರಿಸಿ ಮಡಿಸುವುದು. ಮೊದಲ ಬಾರಿಗೆ ಕಾಲು ನೇರ ಎತ್ತಲು ಹೋದಾಗ ಅದು ಅಲುಗಲಿಲ್ಲ. ನನ್ನದೇ ಕಾಲು, ಹೇಳಿದ ಮಾತು ಕೇಳದೆ ಬಿದ್ದುಕೊಂಡಿತ್ತು. ಕೊನೆಯ ಬೆಂಚಿನ ಕೆಲವು ಹುಡುಗರು ನೆನಪಾದರು.

ನೋವಿನ ಮಾತ್ರೆಯನ್ನು ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡು ವ್ಯಾಯಾಮಕ್ಕೆ ಕೂರುವುದು, ಮುಗಿದ ಮೇಲೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇಪ್ಪತ್ತು ನಿಮಿಷ ಇಡುವುದು. ಶೂರತನಕ್ಕೆಂದು ಮಾತ್ರೆ ಬಿಟ್ಟ ದಿನ ವ್ಯಾಯಾಮವೂ ಬಿಟ್ಟುಹೋಗುತ್ತಿತ್ತು. ಆ ಮಾತ್ರೆಗಳು ಮಲಬದ್ಧತೆ ತರುತ್ತವೆ ಎಂಬುದನ್ನು ಯಾರೂ ಮೊದಲೇ ಹೇಳಿರಲಿಲ್ಲ, ನಾನು ಹೇಳಿಬಿಡುತ್ತೇನೆ. ಪಪ್ಪಾಯಿ, ನೀರು ಸಾಲದಿದ್ದರೆ ನಾಚದೆ ವೈದ್ಯರನ್ನು ಕೇಳಿ.

ರಾತ್ರಿಗಳು ಕೆಟ್ಟವು. ಎರಡು ಗಂಟೆಗೆ ಎಚ್ಚರ, ಮಂಡಿ ಒಲೆಯಂತೆ ಬಿಸಿ, ಯಾವ ಮಗ್ಗುಲೂ ಒಗ್ಗುವುದಿಲ್ಲ. ಮೂರನೆಯ ವಾರದಲ್ಲಿ ಒಂದು ರಾತ್ರಿ, ಯಾಕಾದರೂ ಮಾಡಿಸಿಕೊಂಡೆನೋ ಎಂದು ಅಡುಗೆಮನೆಯಲ್ಲಿ ವಾಕರ್ ಹಿಡಿದು ನಿಂತು ಅತ್ತಿದ್ದೇನೆ. ಬಿಸಿಯೂ ಬಾವೂ ತಿಂಗಳುಗಟ್ಟಲೆ ಉಳಿಯುವುದು ಸಹಜ ಎಂದು ಗೊತ್ತಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹೆದರಬೇಕಾದ ಲಕ್ಷಣಗಳು ಬೇರೆ: ಗಾಯದಿಂದ ಕೀವು ಅಥವಾ ನಿಲ್ಲದ ಒಸರು, ಚಳಿಜ್ವರ, ಮೀನಖಂಡದಲ್ಲಿ ಹೊಸದಾಗಿ ಬಾವು ನೋವು, ಎದೆನೋವು, ಏದುಸಿರು. ಕೊನೆಯವು ರಕ್ತ ಹೆಪ್ಪುಗಟ್ಟಿದ್ದರ ಸೂಚನೆಯಾಗಿರಬಹುದು. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಟಿವಿ ಮುಂದೆ ಕುಳಿತಾಗಲೂ ಬಿಡಲಿಲ್ಲ.

ಮೆಟ್ಟಿಲಿನ ಲೆಕ್ಕ ಸುಲಭ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೊಯ್ಸಿಕೊಂಡ ಕಾಲು ಮೊದಲು, ಒಂದು ಕೈ ಕಂಬಿಯ ಮೇಲೆ. ಕೋಲು ಹಿಡಿಯಬೇಕಾದದ್ದು ನೋವಿಲ್ಲದ ಕಡೆಯ ಕೈಯಲ್ಲಿ. ನಮ್ಮ ಯಜಮಾನರು ಕೊನೆಯವರೆಗೂ ಇದು ತಪ್ಪು ಎಂದೇ ವಾದಿಸಿದರು.

ಆರನೆಯ ವಾರ ಮರದ ಕೋನಮಾಪಕ 177 ತೋರಿಸಿತು. ಮಡಿಸುವುದು ಫಿಸಿಯೋಥೆರಪಿಸ್ಟ್ ಹುಡುಗಿಯ ಲೆಕ್ಕದಲ್ಲಿ 108. ಕೋಲು ಹಿಡಿದು ಗಾಂಧಿಬಜಾರಿಗೆ ಹೋದೆ. ಮನೆಯೊಳಗೆ ಕಲಿತ ನಡಿಗೆ ಬೆಂಗಳೂರಿನ ಫುಟ್‌ಪಾತಿನ ಮೇಲೆ ಅರ್ಧ ಮರೆತುಹೋಯಿತು: ಎದ್ದ ಕಲ್ಲು, ಗೇಟಿನ ಮುಂದಿನ ಇಳಿಜಾರು, ನಡುವೆ ನಿಲ್ಲಿಸಿದ ಸ್ಕೂಟರು. ಅದಕ್ಕಿಂತ ಬೆಳಗಿನ ಹೊತ್ತು ಕೃಷ್ಣರಾವ್ ಪಾರ್ಕಿನಲ್ಲಿ ನಡೆಯುವುದು ಮೇಲು. ಕಾರಿನಲ್ಲಿ ಹೋಗುವುದಾದರೆ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಮೊದಲು ಕುಳಿತು ಆಮೇಲೆ ಕಾಲುಗಳನ್ನು ಒಳಗೆ ತಿರುಗಿಸಬೇಕು. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ. ತಪಾಸಣೆಯ ಚೌಕಟ್ಟು ಕೂಗಿದಾಗ “ಮಂಡಿಯಲ್ಲಿ ಲೋಹವಿದೆ” ಎಂದರೆ ಆಯಿತು.

ಗಾಯದ ಹೊರಬದಿಯಲ್ಲಿ ಅಂಗೈ ಅಗಲ ಚರ್ಮಕ್ಕೆ ಸ್ಪರ್ಶವಿಲ್ಲ. ಅಲ್ಲಿನ ಸಣ್ಣ ನರ ಕೊಯ್ತದಲ್ಲಿ ಸಿಕ್ಕುತ್ತದಂತೆ. ನಡೆದರೆ ಒಳಗೆ ಟಕ್ ಎನ್ನುತ್ತದೆ. ಎರಡೂ ಅಭ್ಯಾಸವಾಗಿವೆ. ಅಭ್ಯಾಸವಾಗದ್ದು ನೆಲ. ಗೌರಿ ಹಬ್ಬದಂದು ಎಲ್ಲರೂ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ನಾನು ಕುರ್ಚಿಯಲ್ಲಿ ಕುಳಿತು ದೋರದಾರಕ್ಕೆ ಗಂಟು ಹಾಕಿದೆ. ದೇವರಿಗೆ ನಿಂತೇ ಕೈಮುಗಿದೆ. ನೆಲದ ಮೇಲೆ ಕೂರುವುದು, ಕುಕ್ಕರಗಾಲು ಬೇಡ ಎಂದು ನನ್ನ ವೈದ್ಯರು ಹೇಳಿದ್ದಾರೆ. ಹಳೆಯ ಶೌಚಾಲಯವನ್ನು ಕಮೋಡ್ ಮಾಡಿಸಿ ಪಕ್ಕದ ಗೋಡೆಗೆ ಹಿಡಿ ಹಾಕಿಸಿದ್ದು ಮಾತ್ರ ನಾವು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿದ್ದ ಒಂದೇ ಬುದ್ಧಿವಂತ ಕೆಲಸ.

ಈಗ ಬಲ ಮಂಡಿಯ ಸರದಿ. ಸಂಕ್ರಾಂತಿ ಕಳೆದ ಮೇಲೆ ದಿನ ಗೊತ್ತಾಗಿದೆ, ನಾದಿನಿಗೆ ಹೇಳಿಕಳಿಸಿದ್ದೇನೆ. ಕೋನಮಾಪಕ ಮಂಚದ ಪಕ್ಕಕ್ಕೆ ಬಂದಿದೆ, ಬೂರುಗದ ದಿಂಬು ಅಟ್ಟಕ್ಕೆ ಹೋಗಿದೆ.