ಮೊಲದ ಪಾಠಕ್ಕೆ ಮೊದಲು ಕಿವಿ

ಮೂರರಿಂದ ಐದು ವರ್ಷದ ಮಕ್ಕಳಿಗೆ ಮೊಲದ ಬಗ್ಗೆ ಹೇಳುವಾಗ ನಾನು ಚಿತ್ರ ತೋರಿಸಿ ಶುರು ಮಾಡುವುದಿಲ್ಲ. ಮೊದಲು ಎಲ್ಲರಿಗೂ ಕಿವಿ ಬರಬೇಕು.

ದಪ್ಪ ಕಾಗದದ ಎರಡು ಬೆರಳಗಲದ ಪಟ್ಟಿಯನ್ನು ಮಗುವಿನ ತಲೆಗೆ ಸುತ್ತಿ ಅಳತೆ ನೋಡಿ ಅಂಟಿಸಿ. ಅದಕ್ಕೆ ಗೇಣುದ್ದದ ಎರಡು ಕಿವಿ. ಸ್ಟೇಪ್ಲರ್ ಪಿನ್ ಬೇಡ, ಕೂದಲಿಗೆ ಸಿಕ್ಕಿಕೊಳ್ಳುತ್ತದೆ, ಗೋಂದು ಸಾಕು. ಕಿವಿಯ ಒಳಗೆ ಗುಲಾಬಿ ಬಣ್ಣ ಬಳಿದು, ಅದರ ಮೇಲೆ ಕೆಂಪು ಕ್ರೇಯಾನಿನಿಂದ ಮಕ್ಕಳೇ ಸಣ್ಣ ಸಣ್ಣ ಗೆರೆ ಎಳೆಯಲಿ. ಇವು ರಕ್ತನಾಳಗಳು, ಸೆಕೆಯಾದಾಗ ಮೊಲದ ಮೈಯ ಬಿಸಿ ಇಲ್ಲಿಂದ ಹೊರಹೋಗುತ್ತದೆ ಅಂತ ಗೆರೆ ಎಳೆಯುತ್ತಿರುವಾಗಲೇ ಹೇಳಿಬಿಡಿ. ಕಿವಿ ಹಿಡಿದು ಎತ್ತಬಾರದು ಅಂತ ಆಮೇಲೆ ಗದರಿಸಿ ಹೇಳಬೇಕಾಗುವುದಿಲ್ಲ. ಒಬ್ಬ ಪುಟ್ಟ ಹುಡುಗಿ ತನ್ನ ಕಾಗದದ ಕಿವಿಗಳನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, "ಎಳೆದ್ರೆ ನೋವಾಗತ್ತಲ್ವಾ ಮಿಸ್?" ಅಂದಿದ್ದಳು.

ಕಿವಿ ಕಟ್ಟಿದ ಮೇಲೆ ಆಟ. ಅಪಾಯ ಕಂಡರೆ ಮೊಲ ಹಿಂಗಾಲಿನಿಂದ ನೆಲ ಕುಟ್ಟಿ ಉಳಿದವರನ್ನು ಎಚ್ಚರಿಸುತ್ತದೆ. ಒಂದು ಮಗು ಕಾವಲಿಗೆ ನಿಲ್ಲಲಿ, ಮಿಕ್ಕವರು ಹುಲ್ಲು ಮೇಯಲಿ. ನೀವು ನರಿಯಾಗಿ ಬಾಗಿಲ ಹಿಂದಿನಿಂದ ಇಣುಕಿ. ಕಾವಲಿನವರು ಕೂಗುವಂತಿಲ್ಲ, ಕಾಲು ಕುಟ್ಟಬೇಕು ಅಷ್ಟೇ. ಸದ್ದು ಕೇಳಿದವರು ಮೇಜಿನ ಕೆಳಗಿನ ಬಿಲಕ್ಕೆ ಓಡಬೇಕು. ಗಲಾಟೆಯ ಮಕ್ಕಳೂ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುವ ಆಟ ಇದು.

ಕಾಗದದ ಮೊಲದ ಬಾಯಿಗೆ ಕ್ಯಾರೆಟ್ ಅಂಟಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮೊಲದ ನಿಜವಾದ ಊಟ ಹುಲ್ಲು, ಒಣಹುಲ್ಲು. ಅದರ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದಗಿದು ಸವೆಯಬೇಕು. ಸಿಹಿ ಕ್ಯಾರೆಟ್ ಅಪರೂಪಕ್ಕೊಂದು ಚೂರು ಮಾತ್ರ. ಹಸಿರು ಕಾಗದವನ್ನು ಉದ್ದುದ್ದ ಹರಿದು ಅಂಟಿಸಲು ಕೊಡಿ, ಹರಿಯುವ ಕೆಲಸ ಬೆರಳಿಗೂ ಒಳ್ಳೆಯದು.

ನಿಜವಾದ ಮೊಲ ನೋಡಲು ಹೋಗುವ ಮುಂಚೆ ಅಂಗೈಯನ್ನು ಮೂಗಿನ ಮೇಲೆ ಗೋಡೆಯ ಹಾಗೆ ನಿಲ್ಲಿಸಿಕೊಳ್ಳಲು ಹೇಳಿ. ಎರಡೂ ಪಕ್ಕ ಕಾಣುತ್ತದೆ, ನೇರ ಮುಂದಿನದು ಕೈಗೆ ಮರೆಯಾಗುತ್ತದೆ. ಮೊಲದ ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಹಿಂದಿನಿಂದ ಬರುವವರೂ ಅದಕ್ಕೆ ಕಾಣುತ್ತಾರೆ, ಆದರೆ ಮೂಗಿನ ತುದಿಯ ಮುಂದಿರುವುದು ಕಾಣದು. ಹಾಗಾಗಿ ಮುಖಕ್ಕೆ ನೇರ ಕೈ ಚಾಚದೆ, ನೆಲದ ಮೇಲೆ ಕೂತು ಅದಾಗಿ ಹತ್ತಿರ ಬರುವವರೆಗೆ ಕಾಯಬೇಕು. ಎತ್ತಿಕೊಳ್ಳುವುದು ಬೇಡ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೂಡಿನ ಕೆಲಸ. ತಾಯಿ ಮೊಲ ತನ್ನ ಮೈಯ ತುಪ್ಪಳವನ್ನೇ ಕಿತ್ತು ಮರಿಗಳಿಗೆ ಹಾಸುತ್ತದೆ. ಒಂದು ಡಬ್ಬಿಗೆ ಒಣಹುಲ್ಲು, ಮೇಲೆ ಹತ್ತಿ ಹಾಸಿ. ಜೇಡಿಮಣ್ಣಿನಲ್ಲಿ ಹೆಬ್ಬೆರಳಿನಷ್ಟು ದಪ್ಪದ ಮರಿಗಳನ್ನು ಮಾಡಲಿ, ಕಣ್ಣು ಮಾತ್ರ ಇಡಬಾರದು. ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ, ತೆರೆಯಲು ಸುಮಾರು 10 ದಿನ ಬೇಕು. ದಿನಕ್ಕೊಂದರಂತೆ ಗೋಡೆಯ ಮೇಲೆ ಚುಕ್ಕಿ ಇಡಿಸಿ. ಮಕ್ಕಳು ಬೆಳಿಗ್ಗೆ ಚೀಲ ಇಳಿಸುವ ಮೊದಲೇ ಡಬ್ಬಿಯ ಹತ್ತಿರ ಓಡಿ ಬಂದು, ಪಿಸುಮಾತಿನಲ್ಲಿ ಚುಕ್ಕಿ ಎಣಿಸುತ್ತಾರೆ. ಹತ್ತನೆಯ ಚುಕ್ಕಿಯ ದಿನ ತೆಳು ಕುಂಚ, ಕಪ್ಪು ಬಣ್ಣ ಕೊಡಿ, ಅವರವರ ಮರಿಯ ಕಣ್ಣು ಅವರೇ ತೆರೆಯಲಿ.