ಕಸ ಅಳಿವೆ ದಾಟುವ ಮೊದಲು: ತೋಡಿಗೆ ತೇಲುಬೇಲಿ ಕಟ್ಟುವ ಬಗೆ

ಕಡಲ ಕರೆಯಲ್ಲಿ ಕಸ ಹೆಕ್ಕುವುದು ಬೇಡವೆಂದಲ್ಲ. ಆದರೆ ಮಂಜೇಶ್ವರದಿಂದ ಕುಂಬಳೆಯವರೆಗಿನ ನಮ್ಮ ಕರಾವಳಿಯಲ್ಲಿ ಮಳೆಗಾಲದ ಕಸ ಹೆಕ್ಕುವವರಿಗಾಗಿ ಕಾದು ಕೂರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕಡಲ ಮೇಲ್ನೀರು ತೆಂಕಕ್ಕೆ ಹರಿಯುತ್ತದೆ, ನವೆಂಬರಿನ ಹೊತ್ತಿಗೆ ಬಡಗಕ್ಕೆ ತಿರುಗುತ್ತದೆ. ಉಪ್ಪಳದ ಪೇಟೆಯಿಂದ ಹೋದ ಚೀಲ ಒಮ್ಮೆ ಹೊಳೆ ಕಡಲು ಸೇರುವ ಅಳಿವೆ ದಾಟಿತೆಂದರೆ ಅದು ಯಾರ ಕೈರಂಪಣಿ ಬಲೆಗೆ ಸಿಕ್ಕೀತೋ ಹೇಳಲಾಗದು. ಹಾಗಾಗಿ ನಮ್ಮ ಕೆಲಸವೆಲ್ಲ ಅಳಿವೆಯ ಒಳಬದಿಗೆ, ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ: ತೇಲುವ ಪೈಪಿಗೆ ಬಲೆ ಇಳಿಬಿಟ್ಟ ಬೇಲಿ ಕಟ್ಟಿ ಕಸ ತಡೆಯುವುದು.

ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಅವುಗಳಿಗೆ ಅಡ್ಡ ಬೇಲಿ ಕಟ್ಟುವ ಆಸೆ ಬೇಡ. 105 ಕಿ.ಮೀ. ಹರಿದು ಬರುವ ಚಂದ್ರಗಿರಿ ಹಾಗಿರಲಿ, 16 ಕಿ.ಮೀ. ಉದ್ದದ ಮಂಜೇಶ್ವರ ಹೊಳೆಯೂ ಮಳೆಗಾಲದಲ್ಲಿ ಪೈಪು–ಹಗ್ಗದ ಕೆಲಸಕ್ಕೆ ಬಗ್ಗುವುದಿಲ್ಲ. ಪೇಟೆಯ ಚರಂಡಿ ಬಂದು ಸೇರುವ, 6ರಿಂದ 10 ಮೀಟರ್ ಅಗಲದ, ಮಳೆಯಲ್ಲಿ ಸೊಂಟದಷ್ಟು ನೀರು ಬರುವ ತೋಡು ಇದಕ್ಕೆ ಸರಿ. ಕಸದ ಮೂಲವೂ ಅಲ್ಲೇ ಹತ್ತಿರವಿರುತ್ತದೆ.

ಜಾಗ ಆರಿಸುವುದಕ್ಕೆ ಏಪ್ರಿಲ್–ಮೇ ತಿಂಗಳೇ ಬೇಕು. ಉಬ್ಬರದ ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂಬುದು ಆಗ ಸ್ಪಷ್ಟವಾಗಿ ತಿಳಿಯುತ್ತದೆ. ನೀರಿನ ಉಪ್ಪು ತೋರಿಸುವ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಉಬ್ಬರದ ಹೊತ್ತಿಗೆ ನೀರು ನೋಡಿ. ಲೀಟರಿಗೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತೋರುವ ಜಾಗದಿಂದ ಮೇಲಕ್ಕೆ ಬೇಲಿ ಕಟ್ಟಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮವೂ ಉಬ್ಬರದ ಪ್ರಭಾವವನ್ನು ಗುರುತಿಸುವುದು ಒಣ ತಿಂಗಳ ಇದೇ ಅಳತೆಯಲ್ಲಿ. ನಿಯಮದ ಮಾತು ಬಿಟ್ಟರೂ ಉಪ್ಪುನೀರಿನಲ್ಲಿ ಕೆಲಸ ಕಷ್ಟವೇ. ಉಬ್ಬರ ಬಂದಾಗ ನೀರು ಹಿಂದಕ್ಕೆ ಹರಿದು ಹಿಡಿದ ಕಸವನ್ನೆಲ್ಲ ಮೇಲಕ್ಕೆ ಚದರಿಸುತ್ತದೆ. ಪೈಪಿಗೆ ಚಿಪ್ಪು ಹಿಡಿದು ಭಾರವಾಗುತ್ತದೆ, ಸರಪಳಿ ತುಕ್ಕು ತಿನ್ನುತ್ತದೆ. ಸಂಕ ಅಥವಾ ಮೋರಿಯ ಬಾಯಿಗೆ ತಾಗಿಕೊಂಡು ಕಟ್ಟಲೇಬೇಡಿ. ಬೇಲಿ ಕಿತ್ತು ಮೋರಿಗೆ ಸಿಕ್ಕಿಕೊಂಡರೆ ಮೇಲಿನ ಮನೆಗಳಿಗೆ ನೀರು ನುಗ್ಗುತ್ತದೆ. ಕಸ ಎತ್ತುವ ದಡಕ್ಕೆ ಆಟೋ ಬರುವ ದಾರಿ ಇರಬೇಕು. ಇದನ್ನು ಎಷ್ಟೋ ಮಂದಿ ಕೊನೆಗೆ ಯೋಚಿಸುತ್ತಾರೆ, ಅಷ್ಟರಲ್ಲಿ ಒದ್ದೆ ಗೋಣಿಗಳು ಗದ್ದೆಯ ಹುಣಿಯಲ್ಲಿ ಸಾಲುಗಟ್ಟಿರುತ್ತವೆ. ತೋಡು ಪುರಂಬೋಕು, ಅಂದರೆ ಸರಕಾರಿ ಜಾಗ, ಆದ್ದರಿಂದ ಪಂಚಾಯತಿನ ಲಿಖಿತ ಒಪ್ಪಿಗೆ ಪಡೆಯಿರಿ. ಫಲಕವನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿ.

ನೀರಿನ ಓಟ ಅಳೆಯಲು ಒಂದು ಒಣ ತೆಂಗಿನಕಾಯಿ ಸಾಕು. ದಡದಲ್ಲಿ 10 ಮೀಟರ್ ಗುರುತು ಹಾಕಿ, ಕಾಯಿ ತೇಲಿಬಿಟ್ಟು ಸಮಯ ನೋಡಿ. ಒಳ್ಳೆಯ ಮಳೆ ಬಂದ ಮರುದಿನ ಅಳೆದ ಲೆಕ್ಕವೇ ಲೆಕ್ಕ.

ಬೇಲಿಗೆ 110 ಮಿ.ಮೀ. ಪಿವಿಸಿ ಪೈಪನ್ನು 2 ಮೀಟರಿನ ತುಂಡುಗಳಾಗಿ ಕತ್ತರಿಸಿ ಎರಡು ಕಡೆಯೂ ಮುಚ್ಚಳ ಹಾಕಿ ಅಂಟಿಸುತ್ತೇವೆ. ಮುಚ್ಚುವ ಮೊದಲು ಒಳಗೆ ಬಿರಡೆ ಬಿಗಿದ 1 ಲೀಟರ್ ಖಾಲಿ ಬಾಟಲಿಗಳನ್ನು ತುಂಬುತ್ತೇವೆ, ಮುಂದೆ ಪೈಪು ಬಿರುಕು ಬಿಟ್ಟರೂ ಮುಳುಗುವುದಿಲ್ಲ. ಪೈಪಿಗೆ ತೂತು ಕೊರೆಯಬಾರದು, ಹೊರಗಿನಿಂದ ಸುತ್ತಿ ಕಟ್ಟಬೇಕು. ಹಳದಿ ಪೇಂಟು ಹೊಡೆದರೆ ಬಿಸಿಲಿಗೆ ಪೈಪು ಬೇಗ ಗರಿಗರಿಯಾಗುವುದಿಲ್ಲ, ಕತ್ತಲಲ್ಲಿ ಕಣ್ಣಿಗೂ ಬೀಳುತ್ತದೆ. ಇಂಥ ಪೈಪು ಪೂರ್ತಿ ಮುಳುಗಿದರೆ ಮೀಟರಿಗೆ 9.5 ಕೆ.ಜಿ. ನೀರನ್ನು ಸರಿಸುತ್ತದೆ. ಪೈಪಿನ ತೂಕ, ಬಲೆ, ಕೆಳಗಿನ ಸರಪಳಿ ಎಲ್ಲ ಸೇರಿ ಮೀಟರಿಗೆ 3 ಕೆ.ಜಿ. ಆಸುಪಾಸು ಇಟ್ಟುಕೊಂಡರೆ ಮೂರರಲ್ಲಿ ಒಂದು ಪಾಲು ಮುಳುಗಿ, 7 ಸೆಂ.ಮೀ. ನೀರಿನ ಮೇಲೆ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಉಳಿದರೆ ಬಾಟಲಿಗಳು ಮೇಲಿನಿಂದ ಹಾರಿಹೋಗುತ್ತವೆ. ಥರ್ಮೋಕೋಲ್ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ, ಅದು ಒಡೆದು ಬಿಳಿ ಕಾಳುಗಳಾಗಿ ನೇರ ಕಡಲಿಗೇ ಹೋಗುತ್ತದೆ.

ಪೈಪುಗಳನ್ನು ಸುತ್ತಿಕೊಂಡು ಕೆಳಗೆ 30 ಸೆಂ.ಮೀ. ಇಳಿಯುವಂತೆ 20–25 ಮಿ.ಮೀ. ಕಣ್ಣಿನ ಎಚ್‌ಡಿಪಿಇ ಬಲೆ. ತುದಿಗೆ 8 ಮಿ.ಮೀ. ಸರಪಳಿ. ಬಲೆಯ ಗುಂಡಿನ ಸೀಸ ಹಾಕಬೇಡಿ, ಅದು ವಿಷ. ಕಣ್ಣು ಇನ್ನೂ ಸಣ್ಣದಾದರೆ ಎಲೆ, ಪಾಚಿ ಹಿಡಿದು ಗೋಡೆಯಾಗುತ್ತದೆ, ದೊಡ್ಡದಾದರೆ ಮೀನಿನ ಕಿವಿರು ಸಿಕ್ಕಿಕೊಳ್ಳುತ್ತದೆ. ಬಲೆಯನ್ನು ತಳದವರೆಗೆ ಇಳಿಸಬಾರದು. ಮೊದಲ ಮಳೆಗೆ ಮೀನು ಮೇಲೆ ಹತ್ತುವ ದಾರಿ ಇದೇ ತೋಡು, ಆಮೆಯೂ ಅಡಿಯಿಂದಲೇ ದಾಟಬೇಕು.

ಇನ್ನು ಓರೆ. ತೋಡಿಗೆ ನೇರ ಅಡ್ಡ ಕಟ್ಟಿದ ಬೇಲಿ ಕೆಲಸ ಮಾಡುವುದಿಲ್ಲ. ಬೇಲಿಗೆ ನೆಟ್ಟಗೆ ಬಡಿಯುವ ನೀರಿನ ಓಟ ಸೆಕೆಂಡಿಗೆ 35 ಸೆಂ.ಮೀ. ಮೀರಿದ ಮೇಲೆ ತೇಲುವ ಕಸವೂ ಅಡಿಗೆ ಮುಳುಗಿ ನುಸುಳತೊಡಗುತ್ತದೆ. ದಡಕ್ಕೆ 30 ಡಿಗ್ರಿ ಓರೆಯಾಗಿ ಕಟ್ಟಿದರೆ ಈ ನೆಟ್ಟಗಿನ ಓಟ ಅರ್ಧಕ್ಕಿಳಿಯುತ್ತದೆ, ಕಸ ತಾನಾಗಿ ಜಾರುತ್ತಾ ಕೆಳತುದಿಯ ದಡಕ್ಕೆ ಬಂದು ಸೇರುತ್ತದೆ. 8 ಮೀಟರ್ ಅಗಲದ ತೋಡಿಗೆ ಹೀಗೆ 16 ಮೀಟರ್ ಬೇಲಿ ಬೇಕಾಗುತ್ತದೆ. ಸಾಮಾನು ದುಪ್ಪಟ್ಟು ಹಿಡಿಯುತ್ತದೆ ಎಂದು ಇಲ್ಲಿ ಕೈ ಹಿಡಿಯಬಾರದು.

ಬಲದ ಲೆಕ್ಕವನ್ನು ಒಮ್ಮೆಯಾದರೂ ಮಾಡಿ ನೋಡಲೇಬೇಕು. ಎಲೆ ಕಟ್ಟಿಕೊಂಡು ಗೋಡೆಯಂತಾದ 16 ಮೀಟರ್ ಬೇಲಿಗೆ ನೆಟ್ಟಗಿನ ಓಟ ಸೆಕೆಂಡಿಗೆ 0.3 ಮೀಟರ್ ಇದ್ದರೆ ಹೆಚ್ಚುಕಡಿಮೆ 40 ಕೆ.ಜಿ. ಒತ್ತಡ. 0.6 ಆದರೆ 150. 1.2 ಆದರೆ 600. ಓಟ ಎರಡರಷ್ಟಾದಾಗ ಒತ್ತಡ ನಾಲ್ಕರಷ್ಟಾಗುತ್ತದೆ. ಹಗ್ಗದ ಮೇಲಿನ ಎಳೆತ ಬೇಲಿಯ ಜೋಲನ್ನೂ, ಅಂದರೆ ನಡುವೆ ಅದು ಎಷ್ಟು ಬಾಗುತ್ತದೆ ಎಂಬುದನ್ನೂ ಅವಲಂಬಿಸಿದೆ. ತಂತಿಯ ಹಾಗೆ ಬಿಗಿದರೆ ಎಳೆತ ಒತ್ತಡದ ಹಲವು ಪಟ್ಟಾಗುತ್ತದೆ, ತೀರಾ ಸಡಿಲ ಬಿಟ್ಟರೆ ಕಸ ಜಾರದೆ ನಡುವಿನ ಹೊಟ್ಟೆಯಲ್ಲಿ ನಿಲ್ಲುತ್ತದೆ. 16 ಮೀಟರಿಗೆ ಒಂದೂವರೆ ಮೀಟರ್ ಜೋಲು ನಮಗೆ ಒಗ್ಗಿದ ಅಳತೆ.

ಮೇಲ್ತುದಿಯ ಹಗ್ಗ 14 ಮಿ.ಮೀ. ಪಾಲಿಪ್ರೊಪಿಲೀನ್. ಹೊಸತಿದ್ದಾಗ ಎರಡು ಟನ್ನಿಗೂ ಮೀರಿ ತಡೆಯುತ್ತದೆ, ಆದರೆ ಗಂಟು ಹಾಕಿದಲ್ಲಿ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ದಡದ ತೆಂಗಿಗೆ ಕಟ್ಟುವುದು ಸುಲಭವೆನಿಸುತ್ತದೆ. ನೀರು ಕೊರೆದ ದಡದಲ್ಲಿ ಅದರ ಬೇರಿಗೆ ಹಿಡಿತವಿಲ್ಲ, ಮರವೇ ತೋಡಿಗೆ ಬಿದ್ದೀತು. ದಡದಿಂದ ಎರಡು ಮೀಟರ್ ಹಿಂದೆ, ಒಂದು ಮೀಟರ್ ಆಳದ ಗುಂಡಿಯಲ್ಲಿ ಹಳೆಯ ತೆಂಗಿನ ಕಾಂಡದ ತುಂಡನ್ನು ತೋಡಿಗೆ ಸಮಾನಾಂತರವಾಗಿ ಮಲಗಿಸಿ, ಅದಕ್ಕೆ ಹಗ್ಗ ಸುತ್ತಿ, ಮುರಕಲ್ಲಿನ ಚೂರು ಹಾಕಿ ಗುದ್ದಿ ಮುಚ್ಚಿ. ಹಗ್ಗ ಕಲ್ಲಿಗೆ ಉಜ್ಜುವ ಕಡೆಯಲ್ಲೆಲ್ಲ ಹಳೆಯ ರಬ್ಬರ್ ಪೈಪು ಹೊದಿಸಿ. ಉಜ್ಜಿ ಉದುರುವ ಎಳೆಯೂ ಪ್ಲಾಸ್ಟಿಕ್ಕೇ. ಎರಡೂ ತುದಿಯಲ್ಲಿ ನೆಟ್ಟ ಜಿಐ ಪೈಪಿನ ಮೇಲೆ ಜಾರುವ ಕಬ್ಬಿಣದ ಬಳೆ ಇದ್ದರೆ ನೀರು ಏರಿಳಿದಂತೆ ಬೇಲಿಯೂ ಏರಿಳಿಯುತ್ತದೆ.

ಕಸ ಸೇರುವ ಕೆಳತುದಿಯಲ್ಲಿ ಬೇಕೆಂದೇ 6 ಮಿ.ಮೀ. ಹಗ್ಗದ ಒಂದು ತುಂಡು ಇಡುತ್ತೇವೆ. ಗಂಟಿನ ಜೊತೆ ಅದು 275 ಕೆ.ಜಿ. ಸುಮಾರಿಗೆ ತುಂಡಾಗುತ್ತದೆ. ನೆರೆ ಬಂದಾಗ ಅಲ್ಲಿ ಬಿಟ್ಟುಕೊಂಡ ಬೇಲಿ ಮೇಲ್ತುದಿಯ ಆಧಾರದಲ್ಲಿ ಎದುರು ದಡಕ್ಕೆ ಒರಗಿ ತೇಲುತ್ತದೆ, ಕೊಚ್ಚಿಹೋಗುವುದಿಲ್ಲ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟರೆ, ಅಂದರೆ 24 ಗಂಟೆಯಲ್ಲಿ 115.6 ಮಿ.ಮೀ. ಮೇಲೆ ಮಳೆಯ ಮುನ್ಸೂಚನೆ ಇದ್ದರೆ, ಹಗ್ಗ ತುಂಡಾಗುವವರೆಗೆ ಕಾಯದೆ ಆ ತುದಿಯನ್ನು ನಾವೇ ಬಿಚ್ಚುತ್ತೇವೆ. ಅಂಥ ದಿನ ತೋಡಿಗೆ ಯಾರೂ ಇಳಿಯಬಾರದು, ಕಸ ಹೋದರೆ ಹೋಗಲಿ. ಮಡಲು, ಬಾಳೆದಿಂಡು, ಅಡಿಕೆ ಸೋಗೆ ಬಂದು ಗುದ್ದದಂತೆ 20 ಮೀಟರ್ ಮೇಲೆ ಅರ್ಧ ಮೀಟರಿಗೊಂದು ಬಿದಿರಿನ ಗೂಟ ನೆಡಬಹುದು. ಅದನ್ನು ದಿನವೂ ಬಿಡಿಸಲು ಆಳಿಲ್ಲದಿದ್ದರೆ ನೆಡದಿರುವುದೇ ಲೇಸು.

ಬೇಲಿ ಮೇ ಎರಡನೆಯ ವಾರಕ್ಕೆ ನೀರಿನಲ್ಲಿರಬೇಕು. ಬೇಸಿಗೆಯಿಡೀ ಚರಂಡಿಯಲ್ಲಿ ಕೂತ ಕಸ ಮೊದಲ ದೊಡ್ಡ ಮಳೆಗೆ ಒಟ್ಟಿಗೆ ಹೊರಡುತ್ತದೆ. ಹಿಡಿದದ್ದರಲ್ಲಿ ಹೆಚ್ಚಿನದು ಎಲೆ, ಕಡ್ಡಿ. ಪ್ಲಾಸ್ಟಿಕ್ಕಿನಲ್ಲಿ ಸಿಗುವುದು ತೇಲುವುದು ಮಾತ್ರ: ಪಾಲಿಥೀನ್ ಚೀಲ, ಬಿರಡೆ, ಚಪ್ಪಲಿ, ಬಿರಡೆ ಹಾಕಿದ ಬಾಟಲಿ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಬಿರಡೆಯಿಲ್ಲದೆ ಜಜ್ಜಿದ್ದು ತಳ ಸೇರಿ ಬೇಲಿಯ ಅಡಿಯಿಂದ ಹೋಗಿಬಿಡುತ್ತದೆ. ಅದನ್ನು ತಡೆಯುವ ಜಾಗ ಚರಂಡಿಯ ಬಾಯಿಯ ಕಬ್ಬಿಣದ ಜಾಲರಿ.

ಎತ್ತಿದ ಮೇಲಿನ ಕೆಲಸವೇ ದೊಡ್ಡದು. ಒದ್ದೆ ಕಸವನ್ನು ಯಾರೂ ಕೊಳ್ಳುವುದಿಲ್ಲ, ಮನೆಮನೆಯ ಕಸ ಒಯ್ಯುವ ಹರಿತ ಕರ್ಮಸೇನೆಗೂ ಕೊಡಬೇಕಾದದ್ದು ತೊಳೆದು ಒಣಗಿಸಿದ್ದನ್ನೇ. ಮಳೆಗಾಲದಲ್ಲಿ ಒಣಗಿಸುವುದೆಂದರೆ ಅಡಿಕೆ ಒಣಗಿಸುವವರ ಪ್ಲಾಸ್ಟಿಕ್ ಮಾಡು ಬೇಕು, ಇಲ್ಲವೇ ತಗಡಿನ ಚಪ್ಪರದಡಿ ಬಲೆಯ ಅಟ್ಟ. ಎಲೆ ಗೊಬ್ಬರಕ್ಕೆ. ಡಯಾಪರ್, ಸೂಜಿ, ಒಡೆದ ಬಾಟಲಿ ಬೇರೆ ಬೇರೆ ಡಬ್ಬಿಗೆ. ಕೀಟನಾಶಕದ ಬಾಟಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ತೋಡಿನಲ್ಲಿ ತೊಳೆಯಲೂಬಾರದು. ಎಂಡೋಸಲ್ಫಾನಿನ ನೋವನ್ನು ಇನ್ನೂ ಹೊತ್ತಿರುವ ಈ ಜಿಲ್ಲೆಯವರಿಗೆ ಇದನ್ನು ಎರಡೆರಡು ಸಲ ಹೇಳಬೇಕಾಗಿ ಬರಬಾರದಿತ್ತು. ಸುಡುವುದಂತೂ ಬೇಡವೇ ಬೇಡ. ಗಂಬೂಟು, ದಪ್ಪ ಗ್ಲೌಸು ಕಡ್ಡಾಯ. ಇಲಿಜ್ವರದ ಭಯವಿರುವುದರಿಂದ ತೋಡಿಗಿಳಿಯುವವರು ಮೊದಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಸಿಸೈಕ್ಲಿನ್ ಬಗ್ಗೆ ಕೇಳಬೇಕು, ಕಾಲಿನಲ್ಲಿ ಗಾಯವಿದ್ದವರು ದಡದಲ್ಲೇ ಇರಬೇಕು. ತೂಕ ಬರೆಯುವುದಿದ್ದರೆ ಒಣಗಿದ ಮೇಲೆ ಬರೆಯಿರಿ, ಒದ್ದೆ ತೂಕ ಬರೀ ನೀರಿನ ತೂಕ.

ಬೇಲಿಯಲ್ಲಿ ಸಿಕ್ಕಿದ್ದನ್ನು ಬಗೆಬಗೆಯಾಗಿ ವಿಂಗಡಿಸಿ ಬರೆದಿಟ್ಟರೆ ಮೂಲ ಕಾಣುತ್ತದೆ. ಪೇಟೆಯ ಕ್ಯಾರಿಬ್ಯಾಗಿನ ಜೊತೆಗೆ ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಕಟ್ಟುವ ಪಾಲಿಥೀನ್ ಕೊಟ್ಟೆ, ಮೈಲುತುತ್ತಿನ ಚೀಲವೂ ಬರುತ್ತವೆ. ಇವು ನಮ್ಮ ತೋಟಗಳಿಂದಲೇ ಇಳಿದು ಬಂದವು. ಕೊಯ್ಲಿನ ದಿನ ಕೊಟ್ಟೆ ಬಿಚ್ಚಿ ಗೋಣಿಗೆ ತುಂಬಿಸಿ ತರುವಂತೆ ಕೊಯ್ಯುವವರಿಗೆ ಹೇಳಿ, ಅದಕ್ಕೆಂದು ಮಜೂರಿಗೆ ಸ್ವಲ್ಪ ಸೇರಿಸಿ ಕೊಟ್ಟರೆ ಅಷ್ಟು ಪ್ಲಾಸ್ಟಿಕ್ ತೋಡಿಗೆ ಬರುವುದೇ ಇಲ್ಲ.

ನವೆಂಬರಿನಲ್ಲಿ ಓಟ ನಿಂತು ಅಳಿವೆಗೆ ಮರಳು ಕಟ್ಟತೊಡಗಿದಾಗ ಬೇಲಿ ತೆಗೆಯಬೇಕು. ನಿಂತ ನೀರಿನಲ್ಲಿ ಅದು ಸೊಳ್ಳೆ ಸಾಕುತ್ತದೆ. ಪೈಪುಗಳನ್ನು ಕುಲುಕಿ ನೋಡಿ, ಒಳಗೆ ನೀರಿನ ಸದ್ದು ಬಂದರೆ ಮುಚ್ಚಳ ಬದಲಿಸಿ. ಬಲೆ ತೊಳೆದು ನೆರಳಲ್ಲಿ ಮಡಚಿಡಿ. ಹಗ್ಗ ಮಾತ್ರ ಪ್ರತಿ ಮೇ ತಿಂಗಳಲ್ಲೂ ಹೊಸತೇ ಬೇಕು, ಒಂದು ಮಳೆ–ಬಿಸಿಲು ಕಂಡ ಹಗ್ಗದ ಬಲವನ್ನು ಕಣ್ಣಳತೆಯಲ್ಲಿ ನಂಬಲಾಗದು.